ಕೋಣೆಯ ನಡುವಿನ ಆ ಒಂದು ಬಿಂದು

ಮುಖದ ಮುಂದೆ ಹೆಬ್ಬೆರಳು ಎತ್ತಿ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಅತ್ತಿತ್ತ ಜಿಗಿಯುತ್ತದೆ. ಹೋಟೆಲು, ಹೋಂಸ್ಟೇಗಳ 360 ಡಿಗ್ರಿ ವರ್ಚುವಲ್ ಟೂರ್ ಮಾಡುವವರು ಗುದ್ದಾಡುವುದು ಈ ಜಿಗಿತದ ಜೊತೆಗೇ.

ಕೋಣೆಯ ನಡುವೆ ಟ್ರೈಪಾಡ್ ಊರಿ, ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಸುತ್ತಲೂ ಚಿತ್ರ ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಅವರ ಬಾಯಲ್ಲೂ ಅದು ‘ಸ್ಟಿಚಿಂಗ್’. ಕ್ಯಾಮೆರಾ ತನ್ನ ಬುಡದ ಸ್ಕ್ರೂ ಸುತ್ತ ತಿರುಗಿತೋ, ಹತ್ತಿರದ ಮಂಚದ ಕಾಲು ದೂರದ ಪರದೆಯ ಎದುರು ಸರಿದುಬಿಡುತ್ತದೆ, ಹೊಲಿಗೆ ಬಿಡುತ್ತದೆ. ತಿರುಗುವುದು ಲೆನ್ಸಿನೊಳಗಿನ ಒಂದು ಬಿಂದುವಿನ ಸುತ್ತ ಆಗಬೇಕು. ಅದನ್ನು ‘ನೋಡಲ್ ಪಾಯಿಂಟ್’ ಎಂದು ಕರೆಯುವುದು ರೂಢಿ. ಹತ್ತಿರದ ಒಂದು ಕೋಲನ್ನೂ ದೂರದ ಒಂದು ಕಂಬವನ್ನೂ ಒಂದೇ ಗೆರೆಗೆ ತಂದು, ತಿರುಗಿಸಿದರೂ ಅವೆರಡು ಒಂದರ ಎದುರು ಒಂದು ಸರಿಯದ ಜಾಗ ಸಿಗುವವರೆಗೆ ಕ್ಯಾಮೆರಾವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸುತ್ತಾರೆ. ವೀಣೆಗೆ ಶ್ರುತಿ ಕೂಡಿಸುವವರ ತಾಳ್ಮೆ ಅದು.

ಕಿಟಕಿಯದು ಬೇರೆಯೇ ಪಾಡು. ಹೊರಗೆ ಬಿಸಿಲು, ಒಳಗೆ ಮಬ್ಬು. ಒಂದೇ ಕೋನದಿಂದ ಮೂರೋ ಐದೋ ಬಗೆಯ ಎಕ್ಸ್‌ಪೋಷರ್‌ನಲ್ಲಿ, ಎಂದರೆ ಬೆಳಕಿನ ಅಳತೆ ಬದಲಿಸುತ್ತ, ಚಿತ್ರ ತೆಗೆದು ಬೆರೆಸಿದರೆ ಮಾತ್ರ ದಿಂಬಿನ ಮಡಿಕೆಯೂ ಆಚೆಯ ಮರದ ಎಲೆಯೂ ಒಟ್ಟಿಗೆ ಕಾಣುತ್ತವೆ. ಎತ್ತರವೂ ಅಷ್ಟೇ ಮುಖ್ಯ: ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ತೀರಾ ಮೇಲೇರಿದರೆ ಮೇಜು ಕುರ್ಚಿಗಳು ಆಟಿಕೆಯಂತೆ ಕುಗ್ಗುತ್ತವೆ.

ಇಷ್ಟೆಲ್ಲ ಯಾಕೆ? ಬ್ರೋಷರಿನ ಫೋಟೋದಲ್ಲಿ ಎಲ್ಲಿ ನೋಡಬೇಕೆಂದು ಫೋಟೋಗ್ರಾಫರ್ ಮೊದಲೇ ತೀರ್ಮಾನಿಸಿರುತ್ತಾರೆ. ಇಲ್ಲಿ ಕತ್ತು ತಿರುಗಿಸುವುದು ಅತಿಥಿ. ಬಾಗಿಲ ಹಿಂದೆ ಏನಿದೆ, ಸೂರಿನ ಮೂಲೆ ಹೇಗಿದೆ ಎಂದು ತಾನೇ ಹುಡುಕುತ್ತಾನೆ. ಹಾಗೆ ಕಂಡದ್ದನ್ನು ಮನಸ್ಸು ನಂಬುತ್ತದೆ, ‘ಇಲ್ಲಿ ಕೂತು ಕಾಫಿ ಕುಡಿಯಬಹುದು’ ಎಂದು ಆಗಲೇ ಜಾಗ ಹಿಡಿದುಬಿಡುತ್ತದೆ. ಹೋಗಬೇಕೆಂಬ ಆಸೆ ಹುಟ್ಟುವುದು ಆ ಗಳಿಗೆಯಲ್ಲೇ ಎಂದು ನನ್ನ ನಂಬಿಕೆ.

ಮ್ಯಾರಿಯಟ್ ಹೋಟೆಲಿನವರು 2014ರಲ್ಲಿ ಕಣ್ಣಿಗಷ್ಟೇ ನಿಲ್ಲಲಿಲ್ಲ. ಟೆಲಿಫೋನ್ ಬೂತ್‌ನಂಥ ಗೂಡು ಕಟ್ಟಿ, ಒಳಗೆ ನಿಂತವರ ತಲೆಗೆ ಆಕ್ಯುಲಸ್ ರಿಫ್ಟ್ ಎಂಬ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತೊಡಿಸಿ, ಹವಾಯಿಯ ಕಡಲತೀರಕ್ಕೂ ಲಂಡನ್ನಿನ ಎತ್ತರದ ಕಟ್ಟಡದ ನೆತ್ತಿಗೂ ಕರೆದೊಯ್ದರು. ಜೊತೆಗೆ ಗಾಳಿ ಬೀಸಿಸಿದರು, ಬಿಸಿಲಿನ ಕಾವು ಕೊಟ್ಟರು, ಮುಖಕ್ಕೆ ನೀರಿನ ತುಂತುರು ಎರಚಿದರು. ಕಣ್ಣು ಕಂಡದ್ದಕ್ಕೆ ಚರ್ಮವೂ ಸಾಕ್ಷಿ ಹೇಳಿತು.

ಆದರೆ ನನಗೆ ಹೆಚ್ಚು ಇಷ್ಟವಾಗುವುದು, ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರ ಕೆಲಸ. ಚಿಕ್ಕಮಗಳೂರಿನ ಕಾಫಿ ತೋಟದ ನಡುವಿನ ಒಂದು ಹೋಂಸ್ಟೇಯ ಟೂರ್ ಎಂದುಕೊಳ್ಳಿ. ಗೇಟಿನಿಂದ ಜಗಲಿಗೆ, ಜಗಲಿಯಿಂದ ಕೋಣೆಗೆ, ಕೋಣೆಯಿಂದ ಬಾಲ್ಕನಿಗೆ ಬಾಣದ ಗುರುತುಗಳು ಕರೆದೊಯ್ಯುತ್ತವೆ. ಬಾಲ್ಕನಿಯಿಂದ ಕೆಳಗೆ ಸಿಲ್ವರ್ ಓಕ್ ಮರಗಳ ನಡುವೆ ಒಂದು ಕಾಲುದಾರಿ ಇಳಿದು, ತಿರುವಿನಲ್ಲಿ ಮರೆಯಾಗುತ್ತದೆ. ಅತ್ತ ತಿರುಗಿ ಬೆರಳು ಒತ್ತಿದರೆ ಏನೂ ಆಗುವುದಿಲ್ಲ. ಅಲ್ಲಿಗೆ ಬಾಣವಿಲ್ಲ.