ಕಥೆ ಯಾರ ಬಾಯಲ್ಲಿ?

ಹೊಸದಾಗಿ ಬರೆಯುವವರು ನನ್ನ ಹತ್ತಿರ ಕಥೆ ತಂದಾಗ ಸಾಮಾನ್ಯವಾಗಿ ಕೇಳುವುದು ವಸ್ತುವಿನ ಬಗ್ಗೆ: 'ಇದರ ಮೇಲೆ ಬರೆಯಬಹುದಾ ಸರ್?' ಬರೆಯಬಹುದು, ಯಾವುದರ ಮೇಲೂ ಬರೆಯಬಹುದು. ಆದರೆ ಇದನ್ನು ಹೇಳುತ್ತಿರುವುದು ಯಾರು, ಅವರಿಗೆ ಏನೇನು ಗೊತ್ತಿಲ್ಲ ಎಂದು ನಾನು ತಿರುಗಿ ಕೇಳುತ್ತೇನೆ. ಮೊದಲನೆಯದಕ್ಕೆ ಉತ್ತರ ಸಿಗುತ್ತದೆ. ಎರಡನೆಯದನ್ನು ಬಹಳಷ್ಟು ಜನ ಯೋಚಿಸಿಯೇ ಇರುವುದಿಲ್ಲ.

ಮಾಸ್ತಿಯವರ 'ಮೊಸರಿನ ಮಂಗಮ್ಮ' ನೋಡಿ. ಅತ್ತೆ ಸೊಸೆಯ ಜಗಳ, ನಡುವೆ ಒಬ್ಬ ಮೊಮ್ಮಗ. ಕಥೆ ಹೇಳುವವಳು ಮೊಸರು ಕೊಳ್ಳುವ ಗೃಹಿಣಿ. ಮಂಗಮ್ಮ ತನ್ನ ಮನೆಯ ಸಂಗತಿ ಹೇಳಿಕೊಂಡಷ್ಟೇ ಆಕೆಗೆ ತಿಳಿಯುತ್ತದೆ. ಹಾಗಾಗಿ ಆ ಮಾತನ್ನು ಎಷ್ಟು ನಂಬಬೇಕು, ಎಷ್ಟು ಬಿಡಬೇಕು ಎಂದು ತೂಗುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಸೊಸೆಯನ್ನು ಕಾಣುವ ಹೊತ್ತಿಗೆ ನಾವಾಗಲೇ ಮನಸ್ಸಿನಲ್ಲಿ ಪಂಚಾಯಿತಿ ಮುಗಿಸಿರುತ್ತೇವೆ! ಲೇಖಕರೇ ಆ ಮನೆಯೊಳಗೆ ನಿಂತು ಇಬ್ಬರ ಅಂತರಂಗವನ್ನೂ ಬಿಚ್ಚಿಟ್ಟಿದ್ದರೆ ನಮಗೆ ಈ ಪಾಲು ಸಿಗುತ್ತಿರಲಿಲ್ಲ.

ತೇಜಸ್ವಿಯವರ 'ಕರ್ವಾಲೊ' (1980) ಕೂಡ ಹೀಗೆಯೇ. ಹಾರುವ ಓತಿಯ ಬೆನ್ನು ಹತ್ತುವ ಕಥೆಯನ್ನು ಅವರು ವಿಜ್ಞಾನಿಯ ಬಾಯಿಗೆ ಕೊಡಲಿಲ್ಲ. ಬೇಸಾಯದ ತಾಪತ್ರಯಗಳಲ್ಲಿ ಮುಳುಗಿರುವ ಕೃಷಿಕನೊಬ್ಬ ಜೇನು, ಹಳ್ಳಿಯ ಹುಡುಗ ಮಂದಣ್ಣನ ಮದುವೆ ಎಂದೆಲ್ಲ ಸುತ್ತಾಡಿ ಅಲ್ಲಿಗೆ ಮುಟ್ಟಿಸುತ್ತಾನೆ. ಅವನ ಅನುಮಾನಗಳೇ ನಮಗೆ ದಾರಿ.

ಶಿರಸಿ ಕಡೆಯ ಯುವಕನೊಬ್ಬ ಅಡಿಕೆ ತೋಟ ಮಾರುವ ಕುಟುಂಬದ ಬಗ್ಗೆ ಬರೆದಿದ್ದ. ಅಪ್ಪನ ಸಂಕಟ, ಮಗನ ಸಾಲ, ತಾಯಿಯ ಮೌನ ಎಲ್ಲವನ್ನೂ ತಾನೇ ವಿವರಿಸಿದ್ದ. ಭಾಷೆ ಚೆನ್ನಾಗಿತ್ತು, ಕಥೆ ಏಳುತ್ತಿರಲಿಲ್ಲ. ಇದನ್ನೇ ಅಡಿಕೆ ಗೊನೆ ಇಳಿಸುವ ಕೊನೆಗೌಡ ಹೇಳಲಿ ಎಂದೆ. ಕೊನೆ ಕೊಯ್ಯಲು ಮರದ ತುದಿಯಲ್ಲಿ ಕೂತವನಿಗೆ ಇಡೀ ತೋಟ ಕಾಣುತ್ತದೆ, ಕೆಳಗಿನ ಮಾತು ಮಾತ್ರ ಕೇಳಿಸುವುದಿಲ್ಲ. ಹೊಸ ಪ್ರತಿಯಲ್ಲಿ ಗೌಡ ಹಗ್ಗದಲ್ಲಿ ಕೊನೆ ಇಳಿಸುತ್ತಾ ನೋಡುತ್ತಾನೆ: ಬಿಳಿ ಅಂಗಿಯ ಇಬ್ಬರು ಟೇಪು ಹಿಡಿದು ಗಡಿ ಅಳೆಯುತ್ತಿದ್ದಾರೆ. ಮಗ ಕೈ ತೋರಿಸುತ್ತಾ ಮುಂದೆ ಹೋಗುತ್ತಿದ್ದಾನೆ. ಅಪ್ಪ ಹೆಗಡೇರು ಹಿಂದೆ ಉಳಿದು ಒಂದೊಂದೇ ಮರವನ್ನು ಮುಟ್ಟುತ್ತಾ ಬರುತ್ತಿದ್ದಾರೆ. 'ಈ ಸಲ ಕೊಳೆರೋಗ ಜೋರು, ಅದನ್ನೇ ನೋಡ್ತಿರಬೇಕು' ಅಂದುಕೊಳ್ಳುತ್ತಾನೆ ಗೌಡ. 'ಸಂಕಟ' ಎಂಬ ಪದವೇ ಹೊಸ ಪ್ರತಿಯಲ್ಲಿಲ್ಲ. ಜೊತೆಗೆ, ಬರೆದವನು ಎಣಿಸಿಯೇ ಇರದ ಇನ್ನೊಂದು ಪ್ರಶ್ನೆಯೂ ಹುಟ್ಟಿತು: ತೋಟ ಕೈಬದಲಾದರೆ ಗೌಡನ ಕೂಲಿ ಏನಾಗುತ್ತದೆ?

ನೀವೂ ಹೀಗೆ ಮಾಡಿ ನೋಡಿ. ಕರಡಿನ ಒಂದು ಪುಟ ತೆಗೆದುಕೊಂಡು, ಹೇಳುವವರಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಪ್ರತಿ ವಾಕ್ಯದ ಕೆಳಗೂ ಗೆರೆ ಎಳೆಯಿರಿ. ಬೇರೆಯವರ ಮನಸ್ಸಿನೊಳಗೆ ನುಗ್ಗಿದ ವಾಕ್ಯಗಳೇ ಹೆಚ್ಚು ಸಿಗುತ್ತವೆ. ಅವನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಕಂಡದ್ದನ್ನೋ ಕೇಳಿದ್ದನ್ನೋ ತಪ್ಪಾಗಿ ಊಹಿಸಿದ್ದನ್ನೋ ಬರೆಯಿರಿ. 'ಅವನು', 'ಅವಳು' ಎಂದು ಬರೆಯುವ ಕಥೆಗೂ ಇದು ಸಲ್ಲುತ್ತದೆ, ಅಲ್ಲೂ ಒಬ್ಬರ ಹೆಗಲ ಹಿಂದೆ ನಿಂತೇ ನೋಡುತ್ತಿರುತ್ತೇವೆ. ಗೆರೆಗಳೇ ಪುಟ ತುಂಬಿದರೆ ತಿದ್ದುತ್ತಾ ಕೂರಬೇಡಿ. ಹೇಳುವವರನ್ನೇ ಬದಲಿಸಿ ಮೊದಲಿನಿಂದ ಬರೆಯಿರಿ.