ವೀಸಾ ಯಾರ ಸ್ವತ್ತು?

ಹರದನಹಳ್ಳಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಅದು 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಹುಟ್ಟೂರು ಎಂಬುದು. ನನಗೆ ಅದು ಅಕ್ಕನನ್ನು ಕೊಟ್ಟ ಊರು. 2025ರ ನವೆಂಬರ್‌ನಲ್ಲಿ ಭಾವ ತೀರಿಕೊಂಡಾಗ, ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ಸೋದರಳಿಯ ಮೂರನೆಯ ದಿನ ಬಂದು ತಲುಪಿದ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 2013ರಲ್ಲಿ ವಿಮಾನ ಹತ್ತಿದವನು. ತಂದೆಯ ತಿಥಿ ಮುಗಿಸಿ, ಚೆನ್ನೈನ ಅಮೆರಿಕನ್ ದೂತಾವಾಸದಲ್ಲಿ ಪಾಸ್‌ಪೋರ್ಟಿಗೆ ಹೊಸ ವೀಸಾ ಪಡೆದು, ಹೊಸ ವರ್ಷಕ್ಕೆ ಮುನ್ನ ಹೆಂಡತಿ ಮಗಳನ್ನು ಸೇರಿಕೊಳ್ಳುವುದು ಅವನ ಲೆಕ್ಕವಾಗಿತ್ತು.

ಲೆಕ್ಕ ತಪ್ಪಿತು. ಎಚ್–1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳನ್ನೂ ಪರಿಶೀಲಿಸುವ ನಿಯಮ ಡಿಸೆಂಬರ್ 15ರಿಂದ ಜಾರಿಗೆ ಬಂದು, ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಅಳಿಯನ ಪಾಲಿಗೆ ಬಂದದ್ದು ಮಾರ್ಚ್. ಜನವರಿಯಲ್ಲಿ ನಾನು ಹೋದಾಗ ಅವನು ಹಗಲು ಮಲಗಿ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ. ಭಾರತದಿಂದ ಕೆಲಸ ಮಾಡಲು ಕಂಪನಿ ಕೊಟ್ಟ ವಾರಗಳು ಮುಗಿಯುತ್ತ ಬಂದಿದ್ದವು. ಆಮೇಲೆ ಸಂಬಳವಿಲ್ಲದ ರಜೆ. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು: ‘ಮಗ ಬರಲಿಲ್ಲ ಅಂತ ಹನ್ನೆರಡು ವರ್ಷ ಕೊರಗಿದೆ. ಈಗ ಹೋಗಲಿಲ್ಲ ಅಂತ ಕೊರಗ್ತಾ ಇದೀನಿ. ಅವನು ಹೋಗೋಕೆ ಬರೋಕೆ ಯಾರ ಅಪ್ಪಣೆ ಬೇಕಪ್ಪಾ?’

ಅಪ್ಪಣೆ ಎರಡು ಕಡೆಯದು. ಒಂದು ಸರ್ಕಾರದ್ದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಮಾಲೀಕನದು. 1990ರ ಕಾನೂನಿನಿಂದ ರೂಪುಗೊಂಡ ಎಚ್–1ಬಿ ವ್ಯವಸ್ಥೆಯಲ್ಲಿ ಮೂಲ ಅರ್ಜಿ ಹಾಕುವವನು ನೌಕರನಲ್ಲ, ಕಂಪನಿ. ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000 ಎಂಬ ಮಿತಿಯೊಳಗೆ ಈ ಅರ್ಜಿಗಳು ಆಯ್ಕೆಯಾಗಬೇಕು. ಆ ವೃತ್ತಿಗೆ ಆ ಪ್ರದೇಶದಲ್ಲಿ ಸಲ್ಲುವ ವೇತನ ಕೊಡುತ್ತೇನೆಂದು ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಅವಧಿಗೆ ಮುನ್ನ ತೆಗೆದುಹಾಕಿದರೆ ತಾಯ್ನಾಡಿಗೆ ಮರಳುವ ಪ್ರಯಾಣದ ವೆಚ್ಚವನ್ನೂ ಭರಿಸಬೇಕು. ನಾವು ‘ಪ್ರಾಯೋಜಕ’ ಎಂದು ಅನುವಾದಿಸಿ ಕ್ರಿಕೆಟ್ ಪಂದ್ಯಕ್ಕೂ ಇದಕ್ಕೂ ಒಂದೇ ಪದ ಬಳಸುತ್ತೇವೆ. ‘ಹೊಣೆಗಾರ’ ಎಂದಿದ್ದರೆ ಅರ್ಥ ಸ್ಪಷ್ಟವಾಗುತ್ತಿತ್ತು. ಹೊಣೆಗಾರ ಕೈಬಿಟ್ಟರೆ ನೌಕರನಿಗೆ ಉಳಿಯುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೊಬ್ಬ ಹೊಣೆಗಾರ ಸಿಗಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು.

ಕೆಲಸ ಬದಲಿಸಲು ಅವಕಾಶವಿಲ್ಲವೆಂದಲ್ಲ. ಹೊಸ ಕಂಪನಿ ಅರ್ಜಿ ಸಲ್ಲಿಸಿದೊಡನೆ ಅಲ್ಲಿ ಸೇರಬಹುದೆಂದು 2000ದ ಕಾನೂನು ಹೇಳುತ್ತದೆ. ತೊಡಕಿರುವುದು ಹಸಿರು ಕಾರ್ಡಿನಲ್ಲಿ. ಅದಕ್ಕೂ ಬಹುಪಾಲು ಕಂಪನಿಯೇ ಅರ್ಜಿ ಹಾಕಬೇಕು. ಉದ್ಯೋಗ ಆಧಾರಿತ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. 2025ರ ಕೊನೆಯಲ್ಲಿ ಎರಡನೆಯ ವರ್ಗದ ಭಾರತೀಯರಲ್ಲಿ ಸರದಿ ಬಂದಿದ್ದುದು 2013ರ ಅರ್ಜಿಗಳಿಗೆ. ನನ್ನ ಅಳಿಯನದು 2016ರದು. ಕಂಪನಿ ಬದಲಿಸಿದರೆ ಸರದಿಯ ದಿನಾಂಕ ಉಳಿಯಬಹುದು. ಆದರೆ ಹೊಸ ಕಂಪನಿ ಇಡೀ ಪ್ರಕ್ರಿಯೆಯನ್ನು ಮೊದಲಿನಿಂದ ನಡೆಸಲು ಒಪ್ಪಬೇಕು. ಹೆಚ್ಚು ಸಂಬಳದ ಎರಡು ಕೆಲಸಗಳನ್ನು ಅವನು ಈ ಕಾರಣಕ್ಕೇ ಬಿಟ್ಟುಕೊಟ್ಟ.

ಉಪವಿಭಾಗಾಧಿಕಾರಿಯಾಗಿದ್ದಾಗ ಜೀತ ವಿಮುಕ್ತಿ ಪತ್ರಗಳಿಗೆ ನಾನು ಸಹಿ ಹಾಕಿದ್ದೇನೆ. ಡಾಲರ್ ಸಂಬಳದವರನ್ನು ಜೀತದಾಳು ಎನ್ನುವುದು ಆ ಬಡವರಿಗೆ ಮಾಡುವ ಅಪಚಾರ; ಹಾಗೆ ಬರೆಯುವವರನ್ನು ನಾನು ಒಪ್ಪುವುದಿಲ್ಲ. ಆದರೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಖ್ಯೆ ನೆನಪಾಗುತ್ತದೆ. ಅದು ಎಣಿಸುವುದು ಕಡಿಮೆ ಕೂಲಿಯನ್ನಷ್ಟೇ ಅಲ್ಲ. ಬೇರೆಡೆ ದುಡಿಯುವ, ಓಡಾಡುವ, ಮಾರುಕಟ್ಟೆ ಬೆಲೆಗೆ ತನ್ನ ದುಡಿಮೆಯ ಫಲವನ್ನು ಮಾರುವ ಸ್ವಾತಂತ್ರ್ಯ ಕಳೆದುಕೊಳ್ಳುವುದನ್ನೂ ಎಣಿಸುತ್ತದೆ. ಕಾಯ್ದೆ ಬರೆದವರಿಗೆ ಅರ್ಥಶಾಸ್ತ್ರ ಚೆನ್ನಾಗಿ ತಿಳಿದಿತ್ತು. ಬಿಟ್ಟುಹೋಗುವ ಶಕ್ತಿಯಿಲ್ಲದವನಿಗೆ ಚೌಕಾಸಿ ಮಾಡುವ ಶಕ್ತಿಯೂ ಇರುವುದಿಲ್ಲ.

2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಪಾವತಿಸಬೇಕೆಂದು ಘೋಷಿಸಿದರು. ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಸ್ಥಳೀಯರ ಉದ್ಯೋಗ ರಕ್ಷಣೆ ಇದರ ಉದ್ದೇಶವಂತೆ. ಅಷ್ಟು ಹಣ ತೆತ್ತ ಕಂಪನಿ ನೌಕರನನ್ನು ಸಲೀಸಾಗಿ ಬಿಟ್ಟುಕೊಟ್ಟೀತೇ? ಕದಲಲಾಗದ ವಿದೇಶಿ ಪಕ್ಕದಲ್ಲಿದ್ದರೆ ಸ್ಥಳೀಯನ ಸಂಬಳವೂ ಏರುವುದಿಲ್ಲ. ಅರ್ಜಿ ಕೆಲಸಗಾರನ ಹೆಸರಿನಲ್ಲಿದ್ದು ಅವನೊಡನೆ ಸಾಗುವಂತಿದ್ದರೆ ಇಬ್ಬರಿಗೂ ಲಾಭ.

ನಮ್ಮ ದೆಹಲಿಯನ್ನೂ ಕೇಳಬೇಕು. 2016ರ ಮಾರ್ಚ್‌ನಲ್ಲಿ ಭಾರತ ವೀಸಾ ಶುಲ್ಕ ಹೆಚ್ಚಳ ಮತ್ತು ಸಂಖ್ಯೆಯ ಬಗ್ಗೆ ವಿಶ್ವ ವ್ಯಾಪಾರ ಸಂಘಟನೆಯ ಮೆಟ್ಟಿಲೇರಿತು. ಶುಲ್ಕ ಕಂಪನಿಗಳ ನೋವು, ಸಂಖ್ಯೆ ಕಂಪನಿಗಳ ಬೇಡಿಕೆ. 60 ದಿನವನ್ನು ಆರು ತಿಂಗಳಾಗಿಸಿ ಎಂದು, ತಾಯ್ನಾಡಿನಲ್ಲಿ ಸಿಲುಕಿದವನ ಕೆಲಸ ಕಾಯ್ದಿರಿಸಿ ಎಂದು ಅಷ್ಟೇ ಹಟದಿಂದ ವಾದಿಸಬೇಕಿತ್ತು. ಮಂಜೂರಾಗುವ ಎಚ್–1ಬಿ ಅರ್ಜಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ನಮ್ಮವರವೇ.

ಅಂದು ರಾತ್ರಿ ಕಂಪನಿಯಿಂದ ಇ–ಮೇಲ್ ಬಂತು. ‘ನೋಡಿ ಮಾವ’ ಎಂದು ಅಳಿಯ ಲ್ಯಾಪ್‌ಟಾಪ್ ತಿರುಗಿಸಿದ. ರಜೆ ಮಾರ್ಚ್ ಅಂತ್ಯದವರೆಗೆ. ಆನಂತರದ ವಿಷಯ ‘ಪರಿಶೀಲಿಸಲಾಗುವುದು’. ಮೂವತ್ತು ವರ್ಷ ಕಡತಗಳ ಮೇಲೆ ಆ ಮಾತನ್ನು ನಾನೇ ಎಷ್ಟು ಸಲ ಬರೆದಿದ್ದೆನೋ! ಅಕ್ಕ ಅಡುಗೆಮನೆಯಿಂದಲೇ ‘ಏನಂತೆ?’ ಎಂದು ಕೇಳಿದಳು. ನಾವಿಬ್ಬರೂ ತಕ್ಷಣ ಉತ್ತರ ಕೊಡಲಿಲ್ಲ.