ಅರಸನ ಮೇಲೊಬ್ಬ ಅರಸ: 1 ಸಮುವೇಲ 8ರ ಒಂದು ಅವಲೋಕನ

ಇಸ್ರಯೇಲರು ತಮಗೊಬ್ಬ ಅರಸ ಬೇಕೆಂದು ಸಮುವೇಲನನ್ನು ಕೇಳಿದ ಪ್ರಸಂಗವನ್ನು, ದೇವಪ್ರಭುತ್ವ ಮುಗಿದು ಮಾನವಪ್ರಭುತ್ವ ಆರಂಭವಾದ ಘಟ್ಟವೆಂದು ನಾವು ಸಾಮಾನ್ಯವಾಗಿ ಬೋಧಿಸುತ್ತೇವೆ. ಆದರೆ ಸರ್ವೇಶ್ವರ ತಮ್ಮ ಸಿಂಹಾಸನವನ್ನು ಬಿಟ್ಟುಕೊಟ್ಟರೆಂದು ಪಠ್ಯವು ಎಲ್ಲಿಯೂ ಹೇಳುವುದಿಲ್ಲ.

ಜನರ ಬೇಡಿಕೆ ನಿಷ್ಕಾರಣವಾದುದಲ್ಲ. ಫಿಲಿಷ್ಟಿಯರಿಗೆ ಸೋತು ಒಡಂಬಡಿಕೆಯ ಮಂಜೂಷವನ್ನೇ ಕಳೆದುಕೊಂಡ ಅನುಭವ ಅವರಿಗಿತ್ತು (ಅಧ್ಯಾಯ 4). ಸಮುವೇಲನು ವೃದ್ಧನಾಗಿದ್ದನು, ಅವನ ಮಕ್ಕಳಾದ ಯೋವೇಲ ಮತ್ತು ಅಬೀಯ ಲಂಚ ತಿಂದು ನ್ಯಾಯವನ್ನು ತಿರುಚುತ್ತಿದ್ದರು (8:3). ಇಲ್ಲಿ 'ನ್ಯಾಯ' ಎಂಬುದಕ್ಕೆ ಮೂಲದಲ್ಲಿರುವ ಹಿಬ್ರು ಪದ 'ಮಿಷ್ಪಾಟ್'. ಅರಸನ ಆಳ್ವಿಕೆಯ ಪರಿಯನ್ನು ಜನರಿಗೆ ತಿಳಿಸುವಾಗಲೂ (8:9, 11) ಇದೇ ಪದ ಬಳಕೆಯಾಗಿದೆ. ನ್ಯಾಯವನ್ನರಸಿ ಬಂದವರಿಗೆ ಅರಸನ 'ನ್ಯಾಯ' ಎಂತಹದೆಂದು ಪ್ರವಾದಿ ವಿವರಿಸುತ್ತಾನೆ.

ಆ ವಿವರಣೆಯ ಜೀವಾಳ 'ಲಾಕಹ್', ಅಂದರೆ 'ತೆಗೆದುಕೊಳ್ಳು' ಎಂಬ ಕ್ರಿಯಾಪದ. ಗಂಡುಮಕ್ಕಳು, ಹೆಣ್ಣುಮಕ್ಕಳು, ಹೊಲತೋಟಗಳು, ಆಳುಕಾಳುಗಳು: ನಾಲ್ಕು ಬಾರಿ ಅದು ಮರುಕಳಿಸುತ್ತದೆ. ಕೊನೆಗೆ ಜನರೇ ಗುಲಾಮರಾಗುವರು (8:17). ಈಜಿಪ್ಟಿನಿಂದ ಬಿಡುಗಡೆ ಹೊಂದಿದವರು ತಮ್ಮ ಕೈಯಾರೆ ಮತ್ತೊಬ್ಬ ಫರೋಹನನ್ನು ಪಡೆಯುವ ಅಪಾಯವಿದು. ಸಕಲ ಜನಾಂಗಗಳ ನಡುವೆ ದೇವರ ಸ್ವಂತ ಜನವಾಗಲು ಕರೆಹೊಂದಿದವರು (ವಿಮೋ 19:5-6) ಇತರ ಜನಾಂಗಗಳಂತಾಗಲು ಬಯಸಿದ್ದೇ ಈ ಬೇಡಿಕೆಯ ದೋಷ.

ಆದರೂ ಸರ್ವೇಶ್ವರ ಸಮ್ಮತಿಸುತ್ತಾರೆ. ಸೌಲನ ಅಭಿಷೇಕವನ್ನು ದೇವರ ಕೊಡುಗೆಯಾಗಿ ಕಾಣುವ ಪರಂಪರೆ (9:1-10:16), ಅರಸೊತ್ತಿಗೆಯನ್ನು ಶಂಕಿಸುವ ಪರಂಪರೆ (8 ಮತ್ತು 12), ಎರಡನ್ನೂ ಪವಿತ್ರಗ್ರಂಥ ಉಳಿಸಿಕೊಂಡಿದೆ. ಧರ್ಮೋಪದೇಶಕಾಂಡ 17:14-20 ಅರಸನನ್ನು ನಿಷೇಧಿಸುವುದಿಲ್ಲ. ಅವನ ಕುದುರೆ, ಪತ್ನಿಯರು, ಬೆಳ್ಳಿಬಂಗಾರಗಳಿಗೆ ಮಿತಿ ಹಾಕಿ, ಧರ್ಮಶಾಸ್ತ್ರವನ್ನು ಜೀವಮಾನವೆಲ್ಲ ಓದಬೇಕೆಂದು ಅವನಿಗೆ ವಿಧಿಸುತ್ತದೆ.

ಈ ಅಧೀನತೆಗೆ ಸಾಕ್ಷಿ ಪ್ರವಾದಿ ನಾತಾನ. ದಾವೀದನು ಊರೀಯನ ಪತ್ನಿಯನ್ನು 'ತೆಗೆದುಕೊಂಡಾಗ' (2 ಸಮು 11:4), ಬಡವನ ಕುರಿಮರಿಯನ್ನು 'ತೆಗೆದುಕೊಂಡ' ಧನಿಕನ ಸಾಮತಿಯನ್ನು ನಾತಾನನು ಅರಸನ ಮುಂದಿಡುತ್ತಾನೆ (12:4). ಎರಡು ಕಡೆಯೂ ಅದೇ ಕ್ರಿಯಾಪದ. ಅರಸನು ತಪ್ಪೊಪ್ಪಿಕೊಳ್ಳುತ್ತಾನೆ. ನಿಜವಾದ ಅರಸರು ಯಾರೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಸಮುವೇಲನಾದರೋ ವಿದಾಯದ ವೇಳೆ, ತಾನು ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡೆನೆಂದು ಜನರನ್ನೇ ಕೇಳುತ್ತಾನೆ (1 ಸಮು 12:3). ಇಲ್ಲಿಯೂ ಕ್ರಿಯಾಪದ ಅದೇ. ಸೇವೆ ಪಡೆಯಲು ಬಾರದೆ ಪ್ರಾಣವನ್ನೇ ಧಾರೆಯೆರೆದ ಯೇಸುಸ್ವಾಮಿಯಲ್ಲಿ (ಮಾರ್ಕ 10:45) ದೇವರ ಅರಸುತನವು ತನ್ನ ಪೂರ್ಣರೂಪವನ್ನು ತಳೆಯಿತು. ಧರ್ಮಸಭೆಯಲ್ಲಿ ಅಧಿಕಾರ ಹೊಂದಿರುವ, ಹೊಂದಲಿರುವ ನಮ್ಮೆಲ್ಲರಿಗೂ ಸಮುವೇಲನ ಆ ಪ್ರಶ್ನೆಯೇ ಆತ್ಮಶೋಧನೆಯ ಮಾನದಂಡ. ಅದನ್ನು ಅಧಿಕಾರ ಬಿಡುವ ದಿನದವರೆಗೆ ಮುಂದೂಡದೆ, ಅಧಿಕಾರದಲ್ಲಿರುವಾಗಲೇ ನಮ್ಮ ಜನರ ಮುಂದೆ ಕೇಳಿಕೊಳ್ಳಬೇಕು.